ಡಿ ಮತ್ತು ಕೆ ಜೀವಸತ್ವಗಳ ಚರಿತ್ರೆಯೂ ಕೃಷ್ಣಾತೀರದ ಐದು ತಾಲೂಕುಗಳೂ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲೂಕುಗಳಿವೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ಈ ಸೀಮೆಗೆ ಬಿಸಿಲಿನ ಬಡತನವೆಂಬುದಿಲ್ಲ. ಸುಮಾರು ೧೬ರಿಂದ ೧೭ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಭೂಭಾಗದ ಮೇಲೆ, ಮನುಷ್ಯನ ಚರ್ಮದಲ್ಲಿ ಡಿ ಜೀವಸತ್ವವನ್ನು ಹುಟ್ಟಿಸಬಲ್ಲ ಕಿರಣಗಳು ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಬೀಳುತ್ತವೆ. ಹೀಗಿದ್ದರೂ ಇಂದು ಇಲ್ಲಿಯ ಪೇಟೆಗಳ ಔಷಧದ ಅಂಗಡಿಗಳಲ್ಲಿ ಡಿ ಜೀವಸತ್ವದ ಗುಳಿಗೆಗಳು ಮಾರಾಟವಾಗುತ್ತಿವೆ. ಈಚೆಗೆ ಅದರೊಡನೆ ಕೆ ಜೀವಸತ್ವವನ್ನೂ ಕೂಡಿಸಿದ ಗುಳಿಗೆಗಳು ಬಂದಿವೆ. "ಎರಡೂ ಕೂಡಿ ತಗೊಂಡರ ಎಲುಬು ಗಟ್ಟಿ ಆಗ್ತಾವ, ರಕ್ತನಾಳ ಸ್ವಚ್ಛ ಉಳೀತಾವ" ಎಂಬ ಮಾತು ಕಟ್ಟೆಯ ಮೇಲೆ ಕುಳಿತವರ ಬಾಯಲ್ಲಿಯೂ ಕೇಳಿಬರುತ್ತದೆ.

ಇದು ವೈದ್ಯರು ತೀರ್ಮಾನಿಸಬೇಕಾದ ವಿಷಯ, ಚರಿತ್ರೆಯ ಅಧ್ಯಾಪಕನಿಗೆ ಇದರಲ್ಲಿ ಏನು ಕೆಲಸ, ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಈ ಎರಡು ಜೀವಸತ್ವಗಳ ಚರಿತ್ರೆಯನ್ನು ಪರಿಶೀಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಈ ವಿಷಯದಲ್ಲಿ ಜ್ಞಾನವು ನಿಜವಾಗಿ ಮುಂದುವರಿದದ್ದು, ಯಾರಾದರೊಬ್ಬರು "ಕೊರತೆ ಯಾರಿಗೆ?" ಎಂದು ನಿರ್ದಿಷ್ಟವಾಗಿ ಕೇಳಿದಾಗ. ಆ ಪ್ರಶ್ನೆಯನ್ನು ಬಿಟ್ಟು "ಎಲ್ಲರಿಗೂ ಒಳ್ಳೆಯದು" ಎಂದು ಹೊರಟಾಗಲೆಲ್ಲ ತಪ್ಪುಗಳಾದವು, ಕೆಲವು ಸಲ ಹಾನಿಯೂ ಆಯಿತು. ಈ ಮಾತನ್ನು ಸಿದ್ಧಪಡಿಸಿ, ಅದರ ಬೆಳಕಿನಲ್ಲಿ ನಮ್ಮ ಐದು ತಾಲೂಕುಗಳ ಸ್ಥಿತಿಯನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ.

೧. ಎಲುಬಿನ ದಾರಿ

ಮಕ್ಕಳ ಎಲುಬು ಮೆತ್ತಗಾಗಿ ಕಾಲು ಬಾಗುವ ರಿಕೆಟ್ಸ್ ರೋಗವನ್ನು ಇಂಗ್ಲೆಂಡಿನ ಫ್ರಾನ್ಸಿಸ್ ಗ್ಲಿಸನ್ ೧೬೫೦ರಷ್ಟು ಹಿಂದೆಯೇ ವಿವರಿಸಿದ್ದನು. ಮುಂದೆ ಯಂತ್ರಯುಗದ ಹೊಗೆ ಕವಿದ ನಗರಗಳಲ್ಲಿ ಈ ರೋಗ ಹಬ್ಬಿತು. ಕಾರಣ ಮಾತ್ರ ತಿಳಿಯಲಿಲ್ಲ. ೧೮೯೦ರಲ್ಲಿ ಥಿಯೊಬಾಲ್ಡ್ ಪಾಮ್ ಎಂಬ ವೈದ್ಯನು ಹೊಸ ವಿಧಾನವೊಂದನ್ನು ಹಿಡಿದನು. ಆತ ಜಪಾನಿನಲ್ಲಿ ಮಿಷನ್ ವೈದ್ಯನಾಗಿದ್ದವನು. ಅಲ್ಲಿ ಕಾಣದ ರೋಗ ತನ್ನ ನಾಡಿನಲ್ಲಿ ಇಷ್ಟೇಕೆ ಎಂದು ಬೆರಗಾಗಿ, ಪೂರ್ವದೇಶಗಳಲ್ಲಿದ್ದ ವೈದ್ಯರಿಂದ ಪತ್ರಮುಖೇನ ವಿವರ ತರಿಸಿಕೊಂಡನು. ರೋಗದ ಭೂಪಟವನ್ನು ಬಿಸಿಲಿನ ಭೂಪಟದೊಡನೆ ಹೋಲಿಸಿ, ಸೂರ್ಯಪ್ರಕಾಶದ ಅಭಾವವೇ ಕಾರಣವೆಂದು ಹೇಳಿದನು. ಅವನ ಮಾತಿಗೆ ಆಗ ಬೆಲೆ ಬರಲಿಲ್ಲ.

೧೯೧೯ರಲ್ಲಿ ಎರಡು ಪ್ರಯೋಗಗಳು ನಡೆದವು. ಲಂಡನ್ನಿನಲ್ಲಿ ಎಡ್ವರ್ಡ್ ಮೆಲನ್ಬಿ ನಾಯಿಮರಿಗಳಲ್ಲಿ ಆಹಾರದೋಷದಿಂದ ರಿಕೆಟ್ಸನ್ನು ಹುಟ್ಟಿಸಿ, ಕಾಡ್ ಮೀನಿನ ಯಕೃತ್ತಿನ ಎಣ್ಣೆಯಿಂದ ಅದನ್ನು ತಡೆದನು. ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಅತಿನೇರಳೆ ಕಿರಣಗಳ ದೀಪದಿಂದ ರೋಗಿಷ್ಠ ಮಕ್ಕಳನ್ನು ಗುಣಪಡಿಸಿದನು. ಹೀಗೆ ಆಹಾರಪಕ್ಷ, ಬೆಳಕಿನ ಪಕ್ಷ ಎಂದು ಎರಡು ಪಕ್ಷಗಳಾದವು.

ಈ ವಿವಾದದಲ್ಲಿ ಒಂದು ಮಹತ್ವದ ಸಾಕ್ಷ್ಯ ಬಂದುದು ಅಂದಿನ ಮುಂಬಯಿ ಇಲಾಖೆಯ ನಾಸಿಕ ನಗರದಿಂದ. ಆಗ ಚಿಕ್ಕೋಡಿ ಮತ್ತು ಅಥಣಿ ತಾಲೂಕುಗಳೂ ಅದೇ ಇಲಾಖೆಯಲ್ಲಿದ್ದವು. ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಹಚಿಸನ್ ಮತ್ತು ಶಾ ಎಂಬ ವೈದ್ಯರು ನಾಸಿಕದ ಮನೆಗಳನ್ನು ಪರೀಕ್ಷಿಸಿ ೧೯೨೨ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಅವರು ಕಂಡುದು ಅಂದಿನ ನಿರೀಕ್ಷೆಗೆ ವಿರುದ್ಧವಾಗಿತ್ತು. ಒಳ್ಳೆಯ ಊಟವಿದ್ದ, ಆದರೆ ಗೋಷಾ ಪದ್ಧತಿಯನ್ನು ಪಾಲಿಸುತ್ತಿದ್ದ ಅನುಕೂಲಸ್ಥರ ಮನೆಗಳಲ್ಲಿ ಮಕ್ಕಳಿಗೆ ರಿಕೆಟ್ಸ್, ಹೆಂಗಸರಿಗೆ ಎಲುಬು ಮೆತ್ತಗಾಗುವ ರೋಗ ಕಂಡುಬಂದವು. ಊಟ ಕನಿಷ್ಠವಾಗಿದ್ದರೂ ಹೊರಗೆ ದುಡಿಯುತ್ತಿದ್ದ ಬಡವರಲ್ಲಿ ಅವು ವಿರಳವಾಗಿದ್ದವು. ಒಂದೇ ಊರು, ಒಂದೇ ಸೂರ್ಯ. ಆದರೆ ಬಿಸಿಲಿನ ಪಾಲು ಮನೆಯಿಂದ ಮನೆಗೆ ಬೇರೆಯಾಗಿತ್ತು. ಪಾಮ್ ದೇಶದೇಶಗಳ ನಡುವೆ ಕಂಡ ವ್ಯತ್ಯಾಸವನ್ನು ಇವರು ಒಂದೇ ನಗರದ ಗಲ್ಲಿಗಳ ನಡುವೆ ಕಂಡರು. ಮುಂದೆ ಕಾಶ್ಮೀರದ ಹೆರಿಗೆಗಳ ಕಷ್ಟವನ್ನು ಕಂಡ ಕ್ಯಾಥ್ಲೀನ್ ವಾನ್ ಎಂಬ ವೈದ್ಯೆಯೂ ೧೯೨೮ರಲ್ಲಿ ಇಂಥದೇ ಅಭಿಪ್ರಾಯವನ್ನು ಮುಂದಿಟ್ಟಳು.

೧೯೨೨ರಲ್ಲಿಯೇ ಅಮೆರಿಕದ ಮೆಕಾಲಮ್ ಮೀನೆಣ್ಣೆಯ ಗುಣಕಾರಿ ಅಂಶಕ್ಕೆ, ಎ, ಬಿ, ಸಿ ಗಳ ಬಳಿಕ ನಾಲ್ಕನೆಯದೆಂದು, ಡಿ ಎಂಬ ಹೆಸರನ್ನಿಟ್ಟನು. ೧೯೨೪ರಲ್ಲಿ ಸ್ಟೀನ್‌ಬಾಕ್ ಮತ್ತು ಹೆಸ್ ಬೇರೆಬೇರೆಯಾಗಿ ನಡೆಸಿದ ಪ್ರಯೋಗಗಳಿಂದ, ಆಹಾರಪದಾರ್ಥಗಳ ಮೇಲೆ ಅತಿನೇರಳೆ ಕಿರಣ ಬಿದ್ದರೆ ಅವುಗಳಿಗೂ ರಿಕೆಟ್ಸನ್ನು ತಡೆಯುವ ಶಕ್ತಿ ಬರುವುದೆಂದು ತಿಳಿಯಿತು. ಎರಡು ಪಕ್ಷಗಳ ಜಗಳ ಅಲ್ಲಿಗೆ ಮುಗಿಯಿತು: ಬೆಳಕು ಹುಟ್ಟಿಸುವುದೂ ಮೀನೆಣ್ಣೆಯಲ್ಲಿ ಸಂಗ್ರಹವಾಗಿರುವುದೂ ಒಂದೇ ಜಾತಿಯ ವಸ್ತು. ಈ ವರ್ಗದ ಪದಾರ್ಥಗಳ ಸಂಶೋಧನೆಗಾಗಿ ಜರ್ಮನಿಯ ಅಡಾಲ್ಫ್ ವಿಂಡಾಸ್‌ಗೆ ೧೯೨೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

೨. ರಕ್ತದ ದಾರಿ

ಕೆ ಜೀವಸತ್ವದ ಕಥೆ ಎಲುಬಿನಿಂದಲ್ಲ, ರಕ್ತದಿಂದ ಆರಂಭವಾಗುತ್ತದೆ. ಡೆನ್ಮಾರ್ಕಿನ ಹೆನ್ರಿಕ್ ಡಾಮ್ ೧೯೨೯ರಲ್ಲಿ ಕೋಪನ್‌ಹೇಗನ್ನಿನಲ್ಲಿ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಕೊಟ್ಟು ಪರೀಕ್ಷಿಸುತ್ತಿದ್ದನು. ಮರಿಗಳ ಚರ್ಮದ ಕೆಳಗೆ ರಕ್ತ ಸುರಿಯತೊಡಗಿತು. ಆ ರಕ್ತ ಬೇಗ ಹೆಪ್ಪುಗಟ್ಟಲಿಲ್ಲ. ಆಗ ತಿಳಿದಿದ್ದ ಯಾವ ಜೀವಸತ್ವದಿಂದಲೂ ಇದು ನಿಲ್ಲದ್ದರಿಂದ, ೧೯೩೫ರಲ್ಲಿ ಆತ ಹೊಸದೊಂದನ್ನು ಸಾರಿ, ಹೆಪ್ಪುಗಟ್ಟುವಿಕೆಗೆ ಅವನ ಭಾಷೆಯಲ್ಲಿದ್ದ ಶಬ್ದದ ಮೊದಲ ಅಕ್ಷರದಿಂದ ಅದನ್ನು ಕೆ ಎಂದು ಕರೆದನು. ೧೯೩೯ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿಯ ಪ್ರಯೋಗಶಾಲೆ ಕೆ-೧ ಎಂಬ ರೂಪವನ್ನು ನಮ್ಮ ರೈತರು ಕುದುರೆಮಸಾಲೆಯೆಂದು ಕರೆಯುವ ಲೂಸರ್ನ್ ಮೇವಿನಿಂದಲೂ, ಕೆ-೨ ಎಂಬ ರೂಪವನ್ನು ಕೊಳೆತ ಮೀನಿನ ಪುಡಿಯಿಂದಲೂ ಬೇರ್ಪಡಿಸಿತು. ಒಂದು ಹಸಿರೆಲೆಯದು, ಮತ್ತೊಂದು ಸೂಕ್ಷ್ಮಜೀವಿಗಳ ಕೆಲಸದಿಂದ ಹುಟ್ಟುವುದು. ಡಾಮ್ ಮತ್ತು ಡಾಯ್ಸಿ ೧೯೪೩ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಇದೇ ಕಾಲದಲ್ಲಿ ಇನ್ನೊಂದು ಎಳೆ ಬೆಳೆಯುತ್ತಿತ್ತು. ೧೯೨೦ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರಭಾಗದಲ್ಲಿ, ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಒಣಮೇವನ್ನು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್ನಿನ ಕಾರ್ಲ್ ಲಿಂಕ್ ೧೯೪೦ರ ಸುಮಾರಿಗೆ ಆ ಮೇವಿನೊಳಗಿನ ವಿಷವನ್ನು ಕಂಡುಹಿಡಿದನು. ಅದರಿಂದ ಹುಟ್ಟಿದ ವಾರ್ಫರಿನ್ ೧೯೪೮ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂದು, ೧೯೫೦ರ ದಶಕದಲ್ಲಿ ಮನುಷ್ಯರ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವಾಯಿತು. ಅದು ಕೆಲಸ ಮಾಡುವುದು ಕೆ ಜೀವಸತ್ವದ ಕಾರ್ಯಕ್ಕೆ ಅಡ್ಡಿಮಾಡಿ. ಅಂದರೆ ಕೆ ಜೀವಸತ್ವವೂ ಈ ಔಷಧವೂ ಒಂದಕ್ಕೊಂದು ಎದುರಾಳಿಗಳು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಕೆ ಜೀವಸತ್ವದ ಕೊರತೆ ಖಚಿತವಾಗಿ ಯಾರಿಗಿದೆ? ಹಸುಳೆಗಳಿಗೆ. ತಾಯಿಯ ಗರ್ಭದಿಂದ ಬರುವಾಗ ಮಗುವಿನ ದೇಹದಲ್ಲಿ ಇದರ ಸಂಗ್ರಹ ಅತ್ಯಲ್ಪ. ಎದೆಹಾಲಿನಲ್ಲಿಯೂ ಅದು ಕಡಮೆ. ಆದುದರಿಂದ ಹುಟ್ಟಿದೊಡನೆ ಒಂದು ಚುಚ್ಚುಮದ್ದನ್ನು ಕೊಡುವ ಪದ್ಧತಿ ಜಗತ್ತಿನಲ್ಲೆಲ್ಲ ಬಂದಿತು. ಭಾರತ ಸರಕಾರವು ಆಸ್ಪತ್ರೆಗಳಲ್ಲಿ ಹುಟ್ಟುವ ಎಲ್ಲ ಶಿಶುಗಳಿಗೂ ಇದನ್ನು ಕೊಡಬೇಕೆಂಬ ಮಾರ್ಗಸೂಚಿಯನ್ನು ೨೦೧೪ರಲ್ಲಿ ಹೊರಡಿಸಿತು. ಇಲ್ಲಿ ಕೊರತೆಯುಳ್ಳವರು ಯಾರು, ಮದ್ದು ಎಷ್ಟು, ಯಾವಾಗ, ಎಂಬ ಮೂರಕ್ಕೂ ಸ್ಪಷ್ಟ ಉತ್ತರವಿದೆ.

೩. ಎರಡು ದಾರಿಗಳ ಕೂಡುವಿಕೆ

ಸುಮಾರು ೪೦ ವರ್ಷ ಡಿ ಎಂದರೆ ಎಲುಬು, ಕೆ ಎಂದರೆ ರಕ್ತ ಎಂದೇ ಪಾಠವಿದ್ದಿತು. ೧೯೭೪ರಲ್ಲಿ ಸ್ವೀಡನ್ ಮತ್ತು ಅಮೆರಿಕದ ಸಂಶೋಧಕರು ಕೆ ಜೀವಸತ್ವದ ನಿಜವಾದ ಕೆಲಸವನ್ನು ತಿಳಿದರು. ಅದು ಕೆಲವು ಪ್ರೋಟೀನುಗಳ ರಚನೆಯನ್ನು ಬದಲಿಸಿ, ಅವು ಕ್ಯಾಲ್ಸಿಯಮ್ಮನ್ನು ಹಿಡಿಯುವಂತೆ ಮಾಡುತ್ತದೆ. ಕೂಡಲೇ, ೧೯೭೦ರ ದಶಕದ ನಡುವಿನಲ್ಲಿ, ಎಲುಬಿನಲ್ಲಿಯೂ ಇಂತಹ ಪ್ರೋಟೀನೊಂದು ಸಿಕ್ಕಿತು. ಅದಕ್ಕೆ ಆಸ್ಟಿಯೊಕ್ಯಾಲ್ಸಿನ್ ಎಂದು ಹೆಸರು. ೧೯೮೩ರಲ್ಲಿ ಮತ್ತೊಂದು ಸಿಕ್ಕಿತು. ೧೯೯೭ರಲ್ಲಿ ಈ ಎರಡನೆಯ ಪ್ರೋಟೀನಿಲ್ಲದಂತೆ ಬೆಳೆಸಿದ ಇಲಿಗಳ ರಕ್ತನಾಳಗಳು ಸುಣ್ಣಗಟ್ಟಿ, ಅವು ಎರಡು ತಿಂಗಳೊಳಗೆ ಸತ್ತವು.

ಇಲ್ಲಿಂದ ಜೋಡಿಗುಳಿಗೆಯ ತರ್ಕ ಹುಟ್ಟುತ್ತದೆ. ಡಿ ಜೀವಸತ್ವವು ಕರುಳಿನಿಂದ ಕ್ಯಾಲ್ಸಿಯಮ್ಮನ್ನು ರಕ್ತಕ್ಕೆ ತರುತ್ತದೆ. ಆಸ್ಟಿಯೊಕ್ಯಾಲ್ಸಿನ್ನಿನ ಉತ್ಪತ್ತಿಯನ್ನೂ ಹೆಚ್ಚಿಸುತ್ತದೆ. ಕೆ ಜೀವಸತ್ವವು ಆ ಪ್ರೋಟೀನನ್ನು ಕೆಲಸಕ್ಕೆ ಸಿದ್ಧಗೊಳಿಸುತ್ತದೆ. ಗಾಡಿ ತುಂಬ ಸುಣ್ಣ ತಂದು ಅಂಗಳದಲ್ಲಿ ಸುರಿದರೆ ಗೋಡೆ ಏಳುವುದಿಲ್ಲ, ಗೌಂಡಿಯೂ ಬೇಕು, ಎಂಬಂತಹ ತರ್ಕವಿದು. ತರ್ಕ ಚೆಲುವಾಗಿದೆ. ಆದರೆ ಚೆಲುವಾದ ತರ್ಕ ಬೇರೆ, ಸಿದ್ಧವಾದ ಸತ್ಯ ಬೇರೆ ಎಂಬುದು ಚರಿತ್ರೆಯ ವಿದ್ಯಾರ್ಥಿಗೆ ಹೇಳಿಕೊಡಬೇಕಾದ ಮಾತಲ್ಲ.

ಮನುಷ್ಯರ ಮೇಲಿನ ಪರೀಕ್ಷೆಗಳು ಏನು ಹೇಳುತ್ತವೆ? ನೆದರ್‌ಲ್ಯಾಂಡಿನಲ್ಲಿ ೫೦ರಿಂದ ೬೦ ವಯಸ್ಸಿನ ಮಹಿಳೆಯರ ಮೇಲೆ ಮೂರು ವರ್ಷ ನಡೆದು ೨೦೦೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಖನಿಜ ಮತ್ತು ಡಿ ಜೊತೆಗೆ ಕೆ-೧ ತೆಗೆದುಕೊಂಡವರ ತೊಡೆಯೆಲುಬಿನ ಕುತ್ತಿಗೆಯ ಸವಕಳಿ ಕಡಮೆಯಾಯಿತು. ಬೆನ್ನೆಲುಬಿನಲ್ಲಿ ಅಂತಹ ಲಾಭ ಕಾಣಲಿಲ್ಲ. ಅದೇ ದೇಶದಲ್ಲಿ ೨೪೪ ಮಹಿಳೆಯರಿಗೆ ಮೂರು ವರ್ಷ ಕೆ-೨ ಕೊಟ್ಟ ೨೦೧೩ರ ಪರೀಕ್ಷೆಯೂ ಸವಕಳಿ ತಗ್ಗಿದುದನ್ನು ತೋರಿಸಿತು. ಜಪಾನಿನಲ್ಲಿ ಕೆ-೨ರ ಒಂದು ರೂಪ ದಿನಕ್ಕೆ ೪೫ ಮಿಲಿಗ್ರಾಂ ಪ್ರಮಾಣದಲ್ಲಿ ಎಲುಬಿನ ಔಷಧವಾಗಿದೆ. ಆದರೆ ೪,೦೦೦ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಲ್ಲಿಯ ೨೦೦೯ರ ಪರೀಕ್ಷೆಯಲ್ಲಿ ಒಟ್ಟಾರೆ ಬೆನ್ನೆಲುಬಿನ ಮುರಿತಗಳು ಕಡಮೆಯಾಗಲಿಲ್ಲ. ಡಿ ಒಂದನ್ನೇ ೨೫,೮೭೧ ಅಮೆರಿಕನ್ನರಲ್ಲಿ ಪರೀಕ್ಷಿಸಿದ ಬೃಹತ್ ಅಧ್ಯಯನವು, ಕೊರತೆಯಿದೆಯೆಂದು ಆರಿಸದ ಸಾಮಾನ್ಯ ಆರೋಗ್ಯವಂತರಲ್ಲಿ ಅದು ಮುರಿತಗಳನ್ನು ತಗ್ಗಿಸಲಿಲ್ಲವೆಂದು ೨೦೨೨ರಲ್ಲಿ ವರದಿಮಾಡಿತು. ಅದೇ ವರ್ಷ, ಡಾಮ್‌ನ ಸ್ವದೇಶವಾದ ಡೆನ್ಮಾರ್ಕಿನಲ್ಲಿಯೇ, ೩೬೫ ವೃದ್ಧ ಪುರುಷರಿಗೆ ಎರಡು ವರ್ಷ ಡಿ ಮತ್ತು ಕೆ-೨ ಕೂಡಿಸಿ ಕೊಟ್ಟರೂ ಹೃದಯದ ಕವಾಟ ಸುಣ್ಣಗಟ್ಟುವ ವೇಗ ತಗ್ಗಲಿಲ್ಲವೆಂದು ತಿಳಿದುಬಂದಿತು.

ಒಟ್ಟಿನಲ್ಲಿ, ಎಲುಬಿನ ವಿಷಯದಲ್ಲಿ ಆಶೆಗೆ ಸ್ವಲ್ಪ ಆಧಾರವಿದೆ. ರಕ್ತನಾಳದ ವಿಷಯದಲ್ಲಿ ಕಟ್ಟೆಯ ಮಾತು ಸಾಕ್ಷ್ಯಕ್ಕಿಂತ ಬಹಳ ಮುಂದೆ ಓಡಿದೆ.

೪. ಐದು ತಾಲೂಕುಗಳ ಬಿಸಿಲು ಮತ್ತು ಊಟ

ಇನ್ನು ನಮ್ಮ ಸೀಮೆಗೆ ಬರೋಣ. ೧೯೫೬ರ ರಾಜ್ಯಪುನರ್ರಚನೆಯ ತರುವಾಯ ಈ ಐದೂ ಒಂದೇ ಆಡಳಿತದಲ್ಲಿವೆ; ನಿಪ್ಪಾಣಿ ಮತ್ತು ಕಾಗವಾಡಗಳು ಈಚೆಗೆ ಪ್ರತ್ಯೇಕ ತಾಲೂಕುಗಳಾದವು. ಇಲ್ಲಿಯ ದುಡಿಮೆ ಮಾತ್ರ ಒಂದೇ ಬಗೆಯದಲ್ಲ. ಕಬ್ಬು ಕಡಿಯುವವನ ಬೆನ್ನ ಮೇಲೆ ದಿನವಿಡೀ ಬಿಸಿಲಿದೆ. ೧೯೩೯ರಲ್ಲಿ ಉಗಾರದ ಸಕ್ಕರೆ ಕಾರಖಾನೆ ಸ್ಥಾಪನೆಯಾದಂದಿನಿಂದ ಕೃಷ್ಣೆಯ ಎರಡು ದಡಗಳಲ್ಲಿಯೂ ಕಬ್ಬು ಹಬ್ಬುತ್ತ ಬಂದಿದೆ. ಆದರೆ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಸೊಪ್ಪು ಸೋಸುವ ಹೆಂಗಸಿನ ಮೈಮೇಲೆ, ಮನೆಯ ಪಡಸಾಲೆಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುವವಳ ಮೈಮೇಲೆ, ಅಥಣಿಯಲ್ಲಿ ಚಪ್ಪಲಿಯ ಹೆಣಿಗೆ ಮಾಡುವವರ ಮೈಮೇಲೆ ಆ ಬಿಸಿಲು ಬೀಳುವುದಿಲ್ಲ. ೧೯೮೧ರ ರೈತಚಳವಳಿಯಿಂದ ನಿಪ್ಪಾಣಿಯ ತಂಬಾಕಿನ ಬೆಲೆ ದೇಶದ ಚರ್ಚೆಯ ವಿಷಯವಾಯಿತು. ಬೀಡಿ ಕೆಲಸಗಾರರಿಗಾಗಿ ೧೯೬೬ರಲ್ಲಿ ಕೆಲಸದ ನಿಬಂಧನೆಗಳ ಕಾಯಿದೆಯೂ ೧೯೭೬ರಲ್ಲಿ ಕಲ್ಯಾಣನಿಧಿಯ ಕಾಯಿದೆಯೂ ಬಂದವು. ಬೆಲೆ, ಕೂಲಿ, ನಿಧಿ ಎಲ್ಲಕ್ಕೂ ಕಾಗದಪತ್ರಗಳುಂಟು. ದಿನದ ಯಾವ ಹೊತ್ತಿನಲ್ಲಿ ಯಾರ ತೋಳಿಗೆ ಬಿಸಿಲು ತಾಗಿತೆಂಬುದನ್ನು ಬರೆದಿಡುವ ವಹಿ ಯಾವುದೂ ಇಲ್ಲ.

ವಿದ್ಯಾವಂತರ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. ದಿಲ್ಲಿಯಲ್ಲಿ ೨೦೦೦ದಲ್ಲಿ ಪ್ರಕಟವಾದ ಅಧ್ಯಯನವೊಂದು ಬಯಲಿನಲ್ಲಿ ಕೆಲಸ ಮಾಡುವ ಸೈನಿಕರಿಗಿಂತ ಆಸ್ಪತ್ರೆಯ ವೈದ್ಯರು ಮತ್ತು ದಾದಿಯರಲ್ಲಿ ಡಿ ಜೀವಸತ್ವ ಬಹಳ ಕಡಮೆಯಿದ್ದುದನ್ನು ತೋರಿಸಿತು. ನಾಸಿಕದ ಗೋಷಾ ಮನೆಯ ಸ್ಥಾನದಲ್ಲಿ ಇಂದು ಕಚೇರಿ, ತರಗತಿ, ಅಂಗಡಿಗಳು ಬಂದಿವೆ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲು ಬೆಚ್ಚಗಿದ್ದರೂ, ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಹಸುಳೆಯನ್ನು ಎಳೆಬಿಸಿಲಿಗೆ ಹಿಡಿಯುವ ನಮ್ಮ ರೂಢಿ ಹಿತಕರವಾದುದು. ಆದರೆ ಮುಂಜಾನೆಯ ಓರೆಬಿಸಿಲಿನಲ್ಲಿ ಆ ಕಿರಣಗಳು ಅತ್ಯಲ್ಪ. ದೇಶದ ಮಕ್ಕಳ ಪೋಷಣೆಯ ಬಗ್ಗೆ ೨೦೧೬–೧೮ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ೧೦ರಿಂದ ೧೯ ವಯಸ್ಸಿನವರ ಪೈಕಿ ನೂರಕ್ಕೆ ೨೪ ಮಂದಿಗೆ ಡಿ ಕೊರತೆಯಿದ್ದಿತು. ೧ರಿಂದ ೪ ವಯಸ್ಸಿನ ಮಕ್ಕಳಲ್ಲಿ ಅದು ನೂರಕ್ಕೆ ೧೪. ಬಯಲಿನ ಆಟದಿಂದ ತರಗತಿಯ ಬೆಂಚಿಗೆ ಬರುವ ವಯಸ್ಸಿನಲ್ಲಿ ಕೊರತೆ ಏರುವುದನ್ನು ಅಧ್ಯಾಪಕರಾದ ನಾವು ಗಮನಿಸಬೇಕು.

ಆದರೂ ಬಿಸಿಲೊಂದೇ ಸಾಲದು. ತಿರುಪತಿಯ ಸುತ್ತ ನಡೆದು ೨೦೦೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಳ್ಳಿಯ ದುಡಿಮೆಗಾರರ ಡಿ ಮಟ್ಟ ಪಟ್ಟಣಿಗರಿಗಿಂತ ಮೇಲಿದ್ದರೂ, ಇಬ್ಬರ ಊಟದಲ್ಲಿಯೂ ಕ್ಯಾಲ್ಸಿಯಂ ಕಡಮೆಯಿದ್ದಿತು. ಅದನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಎಂಬ ಧಾನ್ಯದ ಅಂಶ ಹೆಚ್ಚಿದ್ದಿತು. ಜೋಳದಲ್ಲಿಯೂ ಆ ಅಂಶವುಂಟು. ಆದುದರಿಂದ ರೊಟ್ಟಿಯೊಡನೆ ಮೊಸರು, ಮಜ್ಜಿಗೆ ಇರಬೇಕೆಂಬ ಹಿರಿಯರ ರೂಢಿಗೆ ಅರ್ಥವಿದೆ. ಹೈನು ಸಾಕಿದ ಮನೆಯಲ್ಲಿಯೇ ಹಾಲೆಲ್ಲ ಡೇರಿಗೆ ಹೋಗಿ, ಮಕ್ಕಳ ಪಾಲಿಗೆ ಚಹದ ಬಣ್ಣವಷ್ಟೇ ಉಳಿದರೆ ಗುಳಿಗೆ ಅದನ್ನು ತುಂಬಿಕೊಡಲಾರದು.

ಕೆ ಜೀವಸತ್ವದ ಮಾತು ಬೇರೆ. ಮೆಂತ್ಯ, ರಾಜಗಿರಿ, ಹಕ್ಕರಕಿ ಮುಂತಾದ ಸೊಪ್ಪುಗಳನ್ನು ಹಸಿಯಾಗಿಯೋ ಪಲ್ಯ ಮಾಡಿಯೋ ರೊಟ್ಟಿಯೊಡನೆ ತಿನ್ನುವ ಈ ಸೀಮೆಯ ಊಟದಲ್ಲಿ ಕೆ-೧ಕ್ಕೆ ಬರವಿಲ್ಲ. ಅದು ಕೊಬ್ಬಿನಲ್ಲಿ ಕರಗುವ ವಸ್ತುವಾದುದರಿಂದ ಒಗ್ಗರಣೆಯ ಎಣ್ಣೆ, ಶೇಂಗಾದ ಹಿಂಡಿಗಳು ಅದು ಮೈಗೂಡಲು ನೆರವಾಗುತ್ತವೆ. ವಯಸ್ಕನಿಗೆ ದಿನಕ್ಕೆ ೫೫ ಮೈಕ್ರೊಗ್ರಾಂ ಕೆ ಮತ್ತು ೬೦೦ ಯೂನಿಟ್ ಡಿ ಸಾಕೆಂದು ನಮ್ಮ ದೇಶದ ೨೦೨೦ರ ಪೋಷಣಾಪ್ರಮಾಣಗಳು ಹೇಳುತ್ತವೆ. ಮೊದಲನೆಯದನ್ನು ಒಂದು ಹಿಡಿ ಸೊಪ್ಪು ಪೂರೈಸಬಲ್ಲದು. ಎರಡನೆಯದನ್ನು ನಮ್ಮ ಸಾಮಾನ್ಯ ಊಟ ಪೂರೈಸಲಾರದು. ಆ ಕಾರಣದಿಂದಲೇ ಹಾಲಿಗೂ ಅಡಿಗೆಯೆಣ್ಣೆಗೂ ಎ ಮತ್ತು ಡಿ ಬೆರೆಸಲು ಅವಕಾಶವೀಯುವ ನಿಯಮಗಳು ೨೦೧೮ರಲ್ಲಿ ಬಂದವು. ಹೀಗೆ ಜೋಡಿಯ ಎರಡು ಎತ್ತುಗಳಲ್ಲಿ ಒಂದಕ್ಕೆ ಮಾತ್ರ ಇಲ್ಲಿ ಮೇವಿನ ಕೊರತೆ.

೫. ಹಾನಿಯ ಎರಡು ಪಾಠಗಳು

ಎಲ್ಲರಿಗೂ ಒಳ್ಳೆಯದೆಂಬ ನಂಬಿಕೆಯ ಫಲವನ್ನು ಬ್ರಿಟನ್ ಒಮ್ಮೆ ಕಂಡಿತು. ಯುದ್ಧಾನಂತರ ಅಲ್ಲಿ ಶಿಶುಗಳ ಹಾಲಿನ ಪುಡಿ, ಧಾನ್ಯದ ಹಿಟ್ಟು, ಮೀನೆಣ್ಣೆ ಎಲ್ಲದರಲ್ಲಿಯೂ ಡಿ ತುಂಬಿತ್ತು. ೧೯೫೦ರ ದಶಕದ ಆರಂಭದಲ್ಲಿ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿದ ಶಿಶುಗಳು ಕಂಡುಬಂದವು. ೧೯೫೭ರಲ್ಲಿ ಸರಕಾರ ಆ ಪ್ರಮಾಣವನ್ನು ತಗ್ಗಿಸಿತು. ನಮ್ಮಲ್ಲಿ ವಾರಕ್ಕೊಮ್ಮೆ ಕೆಲವು ವಾರ ಮಾತ್ರ ತೆಗೆದುಕೊಳ್ಳಬೇಕಾದ ೬೦,೦೦೦ ಯೂನಿಟ್ಟಿನ ಗುಳಿಗೆಯನ್ನು ದಿನವೂ ನುಂಗಿದರೆ ಆಗುವುದೂ ಅದೇ: ವಾಂತಿ, ನಿಶ್ಶಕ್ತಿ, ಕೊನೆಗೆ ಮೂತ್ರಪಿಂಡಕ್ಕೆ ಹಾನಿ.

ಎರಡನೆಯದು ಮನೆಯ ಪಾಠ. ಈ ಲೇಖಕನ ಸೋದರತ್ತೆಯವರು ರಾಯಬಾಗ ತಾಲೂಕಿನ ಹಳ್ಳಿಯೊಂದರಲ್ಲಿದ್ದಾರೆ. ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾದಂದಿನಿಂದ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ವಾರ್ಫರಿನ್ ಜಾತಿಯ ಗುಳಿಗೆಯನ್ನು ದಿನವೂ ತೆಗೆದುಕೊಳ್ಳುತ್ತಾರೆ. ಮೊಳಕಾಲಿನ ನೋವಿಗೆಂದು ಬಂಧುವೊಬ್ಬರು ಡಿ ಮತ್ತು ಕೆ-೨ ಕೂಡಿದ ಗುಳಿಗೆಗಳನ್ನು ಪ್ರೀತಿಯಿಂದ ತಂದುಕೊಟ್ಟರು. ಎರಡು ತಿಂಗಳ ಬಳಿಕ ನಿಯತವಾದ ರಕ್ತಪರೀಕ್ಷೆಯಲ್ಲಿ ಐಎನ್‌ಆರ್ ಅಂಕ ಇರಬೇಕಾದುದಕ್ಕಿಂತ ಬಹಳ ಕೆಳಗಿಳಿದಿತ್ತು. "ಹೊಸದಾಗಿ ಏನರ ಔಷಧ ತಗೋತೀರೇನ್ರಿ ಅವ್ವಾರ?" ಎಂದು ವೈದ್ಯರು ಕೇಳಿದರು. "ಔಷಧ ಏನೂ ಇಲ್ಲರಿ, ಬರೇ ಶಕ್ತಿ ಗುಳಿಗಿ" ಎಂದರು ಅತ್ತೆ. ಡಬ್ಬಿ ತರಿಸಿ ಓದಿದಾಗ ಕಾರಣ ತಿಳಿಯಿತು. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಮೊದಲೇ ಸಂಗತಿ ಬಯಲಾದುದು ಅವರ ಪುಣ್ಯ. ಲಿಂಕ್ ಕಂಡ ದನಗಳಿಗೆ ಮೇವಿನಿಂದ ಕೆ ತಪ್ಪಿತ್ತು; ಇಲ್ಲಿ ತಪ್ಪಿರಬೇಕಾದಷ್ಟು ಕೆ ಹಿಂತಿರುಗಿ ಬಂದಿತ್ತು. ಇಂತಹ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕೆ ಬ‌ೆರೆತ ಯಾವ ಗುಳಿಗೆಯನ್ನೂ ಮುಟ್ಟಬಾರದು. ಸೊಪ್ಪನ್ನು ಬಿಡಬೇಕಾಗಿಲ್ಲ, ವಾರವಾರ ಒಂದೇ ಹದದಲ್ಲಿ ತಿಂದರೆ ಸಾಕು.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಈ ಗುಳಿಗೆ ಕೆಟ್ಟದ್ದೆಂದು ಹೇಳಿದಂತಾಗುವುದಿಲ್ಲ. ಹೊರಗೆ ಬಾರದ ವೃದ್ಧರಿಗೆ, ಬಸುರಿಯರಿಗೆ, ಬೆಳೆಯುವ ಮಕ್ಕಳಿಗೆ, ಒಳಗೆ ಕುಳಿತು ದುಡಿಯುವವರಿಗೆ ಡಿ ಜೀವಸತ್ವ ಅವಶ್ಯವಾಗಬಹುದು. ಅದನ್ನು ವೈದ್ಯರು ತೂಗಿ ಹೇಳಬೇಕು. ಅದರೊಡನೆ ಕೆ ಕೂಡಿಸುವುದರಿಂದ ಎಲುಬಿಗೆ ಅಷ್ಟಿಷ್ಟು ಲಾಭವಾಗಬಹುದು. ಎಲ್ಲರಿಗೂ ಆಗುವುದೆಂಬುದು ಸಿದ್ಧವಾಗಿಲ್ಲ.

ಹಚಿಸನ್ ಮತ್ತು ಶಾ ಅವರ ಬಳಿ ರಕ್ತದಲ್ಲಿ ಡಿ ಎಷ್ಟಿದೆಯೆಂದು ಅಳೆಯುವ ಯಂತ್ರವಿರಲಿಲ್ಲ. ಆ ಜೀವಸತ್ವಕ್ಕೆ ಹೆಸರೇ ಆಗ ತಾನೆ ಹುಟ್ಟುತ್ತಿತ್ತು. ಅವರು ಮಾಡಿದುದಿಷ್ಟೆ: ಮನೆಯಿಂದ ಮನೆಗೆ ಹೋಗಿ, ಯಾರು ಏನು ಉಣ್ಣುತ್ತಾರೆ, ಯಾರು ಎಷ್ಟು ಹೊತ್ತು ಹೊರಗಿರುತ್ತಾರೆ ಎಂದು ನೋಡಿದರು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಬರುವುದು ಇದೇ ವಖಾರಿಯ ಓಣಿಗಳಿಂದ, ಕಬ್ಬಿನ ತೋಟಗಳಿಂದ, ಚಪ್ಪಲಿ ಹೊಲಿಯುವ ಮನೆಗಳಿಂದ. ತಮ್ಮ ತಾಯಿಯ ಒಂದು ದಿನವನ್ನು, ಬಿಸಿಲಿನಲ್ಲಿ ಕಳೆದ ಹೊತ್ತು, ನೆರಳಿನಲ್ಲಿ ಕಳೆದ ಹೊತ್ತು, ಉಂಡ ಊಟ ಎಂದು ಮೂರು ಸಾಲುಗಳಲ್ಲಿ ಬರೆದು ತಂದರೆ, ಅದೇ ಈ ಸೀಮೆಯ ಚರಿತ್ರೆಗೆ ಹೊಸ ಆಕರವಾದೀತು. ಆ ತಾಯಿಗೆ ಗುಳಿಗೆ ಬೇಕೆ ಬೇಡವೆ ಎಂದು ಹೇಳಬೇಕಾದ ವೈದ್ಯರಿಗೂ ಅದು ಉಪಯೋಗಕ್ಕೆ ಬಂದೀತು.